ಗ್ರಂಥಾಲಯದ ಕಪಾಟುಗಳಲ್ಲಿ ನಮ್ಮ ಉದ್ಯಮಗಳ ಪೂರ್ವವೃತ್ತಾಂತ

ಅಂಗಡಿ, ಗೋದಾಮು ಅಥವಾ ಕಾರ್ಖಾನೆಯ ಕಟ್ಟಡಕ್ಕೆ ಆಸ್ತಿ ತೆರಿಗೆ ಪಾವತಿಸಿದ ರಸೀದಿಯನ್ನು ಸದಸ್ಯರು ಒಮ್ಮೆ ತೆಗೆದು ನೋಡಬೇಕೆಂದು ವಿನಂತಿ. ಅದರಲ್ಲಿ ಗ್ರಂಥಾಲಯ ಕರವೆಂಬ ಬಾಬು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ವಸೂಲಾಗುವ ಈ ಕರವು ನೂರು ರೂಪಾಯಿ ಆಸ್ತಿ ತೆರಿಗೆಗೆ ಆರು ರೂಪಾಯಿಯ ಲೆಕ್ಕದಲ್ಲಿ ನಮ್ಮೆಲ್ಲರಿಂದ ಸಂದಾಯವಾಗುತ್ತಿದೆ. ಹೀಗೆ ಹಣ ಕೊಟ್ಟೂ ಆ ಸೌಲಭ್ಯವನ್ನು ಬಳಸದವರಲ್ಲಿ ವರ್ತಕ ಸಮುದಾಯವೇ ಮುಂದಿದೆ ಎಂದರೆ ತಪ್ಪಾಗಲಾರದು. ಗ್ರಂಥಾಲಯವೆಂದರೆ ದಿನಪತ್ರಿಕೆ ಓದುವವರಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಕರಿಗೂ ಮೀಸಲಾದ ಸ್ಥಳವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಗೊಂಬೆ, ರೇಷ್ಮೆ, ಕಲ್ಲು ಮುಂತಾದ ಉದ್ಯಮಗಳ ಬಗ್ಗೆ ಇನ್ನೂರು ವರ್ಷಗಳಿಂದ ಬರೆದಿಟ್ಟ ದಾಖಲೆಗಳು ಇದೇ ಗ್ರಂಥಾಲಯಗಳಲ್ಲಿವೆ. ಅವು ಇತಿಹಾಸಾಸಕ್ತರಿಗೆ ಮಾತ್ರವಲ್ಲ, ಕಾನೂನಿನ ಮುಂದೆ ಹಾಗೂ ಗ್ರಾಹಕನ ಮುಂದೆ ನಮಗೂ ಉಪಯೋಗಕ್ಕೆ ಬರುವ ಪುರಾವೆಗಳಾಗಿವೆ.

ಹುಡುಕುವ ಮುನ್ನ ಹೆಸರು ತಿಳಿದಿರಬೇಕು

ಹಳೆಯ ದಾಖಲೆಗಳಲ್ಲಿ ರಾಮನಗರವೆಂದು ಹುಡುಕಿದರೆ ಏನೂ ಸಿಗದು. 1800ರಲ್ಲಿ ದಿವಾನ್ ಪೂರ್ಣಯ್ಯನವರು ಬೆಂಗಳೂರು–ಮೈಸೂರು ಹೆದ್ದಾರಿಯ ಕಾಡುದಾರಿಯಲ್ಲಿ ಪ್ರಯಾಣಿಕರ ಸುರಕ್ಷತೆಗಾಗಿ ನೆಲೆಗೊಳಿಸಿದ ಈ ಪೇಟೆಗೆ ಅಂದಿನ ಬ್ರಿಟಿಷ್ ರೆಸಿಡೆಂಟ್ ಸರ್ ಬ್ಯಾರಿ ಕ್ಲೋಸ್ ಅವರ ಹೆಸರನ್ನಿಟ್ಟು ಕ್ಲೋಸ್‌ಪೇಟೆ ಎಂದು ಕರೆಯಲಾಯಿತು. ಕನಕಪುರವು ಹಳೆಯ ಗೆಜೆಟಿಯರುಗಳಲ್ಲಿ ಕಾನಕಾನಹಳ್ಳಿಯಾಗಿದೆ. ಚನ್ನಪಟ್ಟಣದ ಹೆಸರನ್ನು ಆಂಗ್ಲ ಲೇಖಕರು ನಾಲ್ಕೈದು ಬಗೆಯ ಕಾಗುಣಿತದಲ್ಲಿ ಬರೆದಿದ್ದಾರೆ. ಜಿಲ್ಲೆಯ ಹೆಸರಿನ ಗೊಂದಲವಂತೂ ಬೇರೆಯೇ ಇದೆ. ಈ ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದು, ಅನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿ, 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರವು ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ಯಾವ ವರ್ಷದ ಸಂಗತಿ ಬೇಕೋ ಆ ವರ್ಷದ ಜಿಲ್ಲೆಯ ಹೆಸರನ್ನೇ ಗ್ರಂಥಪಾಲಕರಿಗೆ ಹೇಳಬೇಕು. ಇಷ್ಟು ತಿಳಿದಿಲ್ಲದ ಕಾರಣಕ್ಕೇ ಎಷ್ಟೋ ಜನ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಬುಕನನ್ ಕಂಡ ಚನ್ನಪಟ್ಟಣ

ಮೊದಲು ನೋಡಬೇಕಾದ ಗ್ರಂಥ ಫ್ರಾನ್ಸಿಸ್ ಬುಕನನ್ ಅವರ ಪ್ರವಾಸ ವೃತ್ತಾಂತ. ಟಿಪ್ಪು ಸುಲ್ತಾನನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯವರ ಆದೇಶದಂತೆ ಈ ವೈದ್ಯರು 1800 ಮತ್ತು 1801ರಲ್ಲಿ ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನು ಸುತ್ತಿ, ಬೆಳೆ, ಕಸುಬು, ಕೂಲಿ, ಬೆಲೆಗಳ ವಿವರಗಳನ್ನು ಸಂಗ್ರಹಿಸಿದರು. ಅದು ಲಂಡನ್ನಿನಲ್ಲಿ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ವಿಜ್ಞಾನಿಯ ಕಣ್ಣಿನಿಂದ ವ್ಯಾಪಾರವನ್ನು ನೋಡಿದ ಇಂತಹ ಗ್ರಂಥ ನಮ್ಮ ಭಾಗಕ್ಕೆ ಇನ್ನೊಂದಿಲ್ಲ.

ಚನ್ನಪಟ್ಟಣದಲ್ಲಿ ಅವರ ಗಮನ ಸೆಳೆದದ್ದು ಮೂರು ಕಸುಬುಗಳು. ಗಾಜಿನ ಬಳೆ ತಯಾರಿಕೆ ಒಂದು. ವೀಣೆಯಂತಹ ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ಸೂಕ್ಷ್ಮ ತಂತಿಯನ್ನು ಎಳೆಯುವ ಕೆಲಸ ಇನ್ನೊಂದು. ಈ ತಂತಿಗೆ ದೂರದೂರದ ಪ್ರಾಂತಗಳಲ್ಲಿಯೂ ಬೇಡಿಕೆಯಿತ್ತು. ಮೂರನೆಯದು ಅತ್ಯಂತ ಬಿಳುಪಾದ ನಯವಾದ ಸಕ್ಕರೆ. ಅದರ ತಯಾರಿಕೆಯ ಗುಟ್ಟು ಒಂದು ಮನೆತನದವರ ಕೈಯಲ್ಲಿತ್ತು. ಮಾಗಡಿ ಸೀಮೆಯಲ್ಲಿ ಕಬ್ಬಿಣದ ಅದಿರು ಕರಗಿಸುವ ಕುಲುಮೆಗಳಿದ್ದವು. ಉಕ್ಕಿನ ತಂತಿ ಎಳೆಯುವ ಊರು, ಅದಿರು ಕರಗಿಸುವ ಬೆಟ್ಟಸೀಮೆ ಇವೆರಡೂ ಅಕ್ಕಪಕ್ಕದ ತಾಲ್ಲೂಕುಗಳಲ್ಲಿದ್ದುದನ್ನು ಉದ್ಯಮಿಗಳು ಗಮನಿಸಬೇಕು.

ಸುಮಾರು ಒಂದು ಶತಮಾನದ ನಂತರ, 1908ರಲ್ಲಿ ಹೊರಬಂದ ಇಂಪೀರಿಯಲ್ ಗೆಜೆಟಿಯರಿನಲ್ಲಿ ಚನ್ನಪಟ್ಟಣದ ಶುಕ್ರವಾರಪೇಟೆಯು ಅರಗಿನ ಸಾಮಾನು ಮತ್ತು ಆಟಿಕೆಗಳಿಗೂ, ವಾದ್ಯದ ಉಕ್ಕಿನ ತಂತಿಗೂ, ಗಾಜಿನ ಬಳೆಗೂ ಪ್ರಸಿದ್ಧವೆಂದು ನಮೂದಾಗಿದೆ. ಅಲ್ಲಿಗೆ ಗೊಂಬೆ ಮೊದಲ ಸ್ಥಾನಕ್ಕೆ ಬಂದಿದೆ, ಸಕ್ಕರೆಯ ಮಾತಿಲ್ಲ. ಇಂದು ಊರಿನ ಹೆಸರು ಹೇಳಿದೊಡನೆ ನೆನಪಾಗುವುದು ಗೊಂಬೆ ಮಾತ್ರ. ಬಳೆಯೂ ತಂತಿಯೂ ಪುಸ್ತಕದಲ್ಲಿ ಉಳಿದವು. ಗುಟ್ಟಾಗಿಟ್ಟ ಸಕ್ಕರೆಯ ವಿಧಾನ ಪುಸ್ತಕಕ್ಕೂ ದಕ್ಕಲಿಲ್ಲ.

ಇನ್ನೊಂದು ಸೂಕ್ಷ್ಮ ವಿಚಾರವಿದೆ. ಗೊಂಬೆಯ ಪೆಟ್ಟಿಗೆಗಳ ಮೇಲೆ, ಪ್ರಚಾರ ಪತ್ರಗಳಲ್ಲಿ, ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಸ್ಥಾಪಿಸಿದನೆಂಬ ಕಥೆ ಅಚ್ಚಾಗುತ್ತದೆ. ಟಿಪ್ಪು ಮಡಿದದ್ದು 1799ರಲ್ಲಿ. ಮರುವರ್ಷವೇ ಬಂದ ಬುಕನನ್ ಅವರು ವಿಸ್ತರಿಸಿ ಬರೆದದ್ದು ಮಾತ್ರ ಬಳೆ, ತಂತಿ, ಸಕ್ಕರೆಗಳನ್ನು. ಇದರಿಂದ ಆ ಕಥೆ ಸುಳ್ಳೆಂದು ಸಿದ್ಧವಾಗುವುದಿಲ್ಲ. ಆದರೆ ವಿದೇಶೀ ಖರೀದಿದಾರನು ಆಧಾರ ಕೇಳಿದಾಗ ಕಥೆಯ ಬದಲು ಗೆಜೆಟಿಯರಿನ ಪುಟಸಂಖ್ಯೆಯನ್ನು ತೋರಿಸುವವನ ಮಾತಿಗೆ ತೂಕ ಹೆಚ್ಚು. ಪ್ರಚಾರ ಪತ್ರ ಬರೆಸುವ ಮುನ್ನ ಒಂದು ದಿನ ಗ್ರಂಥಾಲಯದಲ್ಲಿ ಕಳೆಯುವುದು ನಷ್ಟದ ಬಾಬಲ್ಲ.

ದಾಖಲೆಗೆ ಕಾನೂನಿನಲ್ಲಿರುವ ಬೆಲೆ

ಈ ಪುರಾವೆಗಳಿಗೆ ನೇರ ಹಣಕಾಸಿನ ಬೆಲೆ ಬಂದದ್ದು ಸರಕುಗಳ ಭೌಗೋಳಿಕ ಸೂಚನೆಗಳ ಕಾಯ್ದೆಯಿಂದ. 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಈ ಕಾಯ್ದೆಯಡಿ ಅರ್ಜಿ ಸಲ್ಲಿಸುವಾಗ, ಆ ಸರಕು ಆ ಪ್ರದೇಶದ್ದೇ ಎಂಬುದಕ್ಕೆ ಐತಿಹಾಸಿಕ ದಾಖಲೆಗಳ ಆಧಾರವನ್ನು ಒದಗಿಸಬೇಕಾಗುತ್ತದೆ. ಹಳೆಯ ಗೆಜೆಟಿಯರು, ಜನಗಣತಿ ವರದಿ, ವಸ್ತುಪ್ರದರ್ಶನದ ಪಟ್ಟಿ ಇಂತಹವುಗಳೇ ಅಲ್ಲಿ ಸಾಕ್ಷಿಗಳು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಅರ್ಜಿಯ ಮೇಲೆ ಚನ್ನಪಟ್ಟಣದ ಆಟಿಕೆಗಳು ಮತ್ತು ಗೊಂಬೆಗಳಿಗೆ ಈ ನೋಂದಣಿ ದೊರೆತಿದೆ. ಮೈಸೂರು ರೇಷ್ಮೆಗೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ನೋಂದಣಿ ಪಡೆದಿದೆ. ನೋಂದಣಿಯ ಅವಧಿ ಹತ್ತು ವರ್ಷ, ಅನಂತರ ನವೀಕರಿಸಬೇಕು.

ನಿಗಮಕ್ಕೆ ನೋಂದಣಿ ದೊರೆತ ಮಾತ್ರಕ್ಕೆ ಪ್ರತಿಯೊಬ್ಬ ತಯಾರಕನಿಗೂ ಹಕ್ಕು ತಾನಾಗಿ ಬರುವುದಿಲ್ಲವೆಂಬುದನ್ನು ಬಹುತೇಕರು ಗಮನಿಸಿಲ್ಲ. ತಯಾರಕನು ಚೆನ್ನೈನಲ್ಲಿರುವ ಭೌಗೋಳಿಕ ಸೂಚನೆಗಳ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರನಾಗಿ ಪ್ರತ್ಯೇಕವಾಗಿ ಹೆಸರು ದಾಖಲಿಸಿಕೊಳ್ಳಬೇಕು. ಇದರ ಮಹತ್ವ ತಿಳಿದದ್ದು 2021ರಲ್ಲಿ. ಆ ವರ್ಷದ ಜನವರಿ 1ರಿಂದ ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ ಜಾರಿಗೆ ಬಂದು, ಭಾರತೀಯ ಮಾನಕ ಬ್ಯೂರೋದ ಗುರುತಿಲ್ಲದೆ ಆಟಿಕೆ ಮಾರುವಂತಿಲ್ಲವೆಂದಾಯಿತು. ಪರೀಕ್ಷಾಲಯ, ಪರವಾನಗಿ ಶುಲ್ಕಗಳ ಭಾರ ಹೊರುವ ಶಕ್ತಿ ಎರಡು ಚರಕಿಯ ಕಾರ್ಯಾಗಾರಕ್ಕೆ ಎಲ್ಲಿಂದ ಬರಬೇಕು? 2020ರ ಡಿಸೆಂಬರ್ ತಿದ್ದುಪಡಿಯು, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ಸರಕಿಗೂ, ಭೌಗೋಳಿಕ ಸೂಚನೆಯ ನೋಂದಾಯಿತ ಮಾಲೀಕರು ಹಾಗೂ ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆಟಿಕೆಗೂ ವಿನಾಯಿತಿ ನೀಡಿತು. ಹಳೆಯ ಪುಸ್ತಕದ ಒಂದು ಸಾಲು ಕಡೆಗೆ ಬಂದು ನಿಂತದ್ದು ಇಲ್ಲಿ.

ಅರ್ಜಿಗಳು ಮತ್ತು ಅವುಗಳ ಜತೆಗಿನ ವಿವರಗಳು ನೋಂದಣಿ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ. ಆಲೆ ಮರವನ್ನು ಒಣಗಿಸುವುದು, ಚರಕಿಯ ಮೇಲೆ ಕಡೆಯುವುದು, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ ಘರ್ಷಣೆಯ ಶಾಖದಿಂದಲೇ ಬಣ್ಣ ಹತ್ತಿಸುವುದು, ಕೊನೆಗೆ ಗರಿಯಿಂದ ಹೊಳಪು ಕೊಡುವುದು ಈ ಕಸುಬಿನ ಕ್ರಮ. ಕುಶಲಕರ್ಮಿಗಳಿಗೆ ಇದು ಹೊಸ ವಿಷಯವಲ್ಲ. ಆದರೆ ನಕಲು ಮಾಲಿನ ವಿರುದ್ಧ ದಾವೆ ಹೂಡುವ ಸಂದರ್ಭದಲ್ಲಿ ಬಾಯಿಮಾತಿಗಿಂತ ಅಚ್ಚಾದ ವಿವರಣೆಯೇ ನೆರವಾಗುತ್ತದೆ. 1961ರ ಜನಗಣತಿಯೊಡನೆ ಪ್ರತಿ ರಾಜ್ಯದ ಆಯ್ದ ಕೈಕಸುಬುಗಳ ಸಮೀಕ್ಷೆ ನಡೆದು ಪ್ರತ್ಯೇಕ ಸಂಪುಟಗಳು ಹೊರಬಂದವು. ಮೈಸೂರು ರಾಜ್ಯದ ಸಂಪುಟವನ್ನೂ ಕೇಳಿ ನೋಡಬಹುದು.

ರೇಷ್ಮೆ: ಸೂಕ್ಷ್ಮದರ್ಶಕದಿಂದ ಸುಂಕದವರೆಗೆ

ನಮ್ಮ ಭಾಗದಲ್ಲಿ ವಿಜ್ಞಾನ ಮತ್ತು ವ್ಯಾಪಾರ ಎಷ್ಟು ಹೆಣೆದುಕೊಂಡಿವೆಯೆಂಬುದಕ್ಕೆ ರೇಷ್ಮೆಗಿಂತ ಉತ್ತಮ ನಿದರ್ಶನ ಬೇಡ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಂಟುರೋಗವು ಯೂರೋಪಿನ ರೇಷ್ಮೆಯನ್ನು ನೆಲಕಚ್ಚಿಸಿತು. ಫ್ರಾನ್ಸಿನ ಲೂಯಿ ಪಾಶ್ಚರ್ ಅವರು 1865ರಿಂದ ಐದು ವರ್ಷ ದುಡಿದು, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗರಹಿತ ಮೊಟ್ಟೆಯನ್ನು ಮಾತ್ರ ಉಳಿಸಿಕೊಳ್ಳುವ ವಿಧಾನವನ್ನು ರೂಪಿಸಿದರು. ಮೈಸೂರಿನಲ್ಲಿಯೂ ಅದೇ ಕಾಲಕ್ಕೆ ಹುಳುಗಳು ಸಾಯುತ್ತಿದ್ದವು. 1860ರ ದಶಕದಲ್ಲಿ ಡಿ ವೆಕ್ಕಿ ಎಂಬ ಇಟಲಿಯ ಮಹನೀಯರು ಜಪಾನಿನಿಂದ ಮೊಟ್ಟೆಗಳನ್ನು ತರಿಸಿದುದು ಹಾಗೂ ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಬಿಚ್ಚಾಣಿಕೆ ಕಾರ್ಖಾನೆ ತೆರೆದುದು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಅನಂತರ ಜಮ್‌ಷೇಟ್‌ಜಿ ಟಾಟಾ ಅವರು ಜಪಾನೀ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರ ನಡೆಸಿದರು.

ಸರ್ಕಾರವೇ ಕೈಹಾಕಿದುದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿ, 1914ರ ವೇಳೆಗೆ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರವನ್ನು ತೆರೆಯಲಾಯಿತು. ರೇಷ್ಮೆ ಇಲಾಖೆಯನ್ನು ಕಟ್ಟಿ ಬೆಳೆಸಿದ ನವರತ್ನ ರಾಮರಾಯರು ಕನ್ನಡದಲ್ಲಿ ಬರೆದ ‘ಕೆಲವು ನೆನಪುಗಳು’ ಎಂಬ ಆತ್ಮಕಥನವು ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹುಡುಕಿದರೆ ದೊರೆಯುವಂಥದು. ಗೆಜೆಟಿಯರು ಒಣಗಿದ ಅನ್ನದಂತಾದರೆ ಇದು ಬಿಸಿಯೂಟ. ಮೈಸೂರು ತಳಿಯ ತಾಯಿಗೆ ಹೊರಗಿನ ತಳಿಯನ್ನು ಕೂಡಿಸಿ ಪಡೆದ ಮಿಶ್ರತಳಿಯೇ ಮುಂದೆ ನಮ್ಮ ರೇಷ್ಮೆಗೆ ಆಧಾರವಾಯಿತು. ಆ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಮಾಗಡಿ–ಕುಣಿಗಲ್ ಪ್ರದೇಶವೇ ನೆಲೆ. ರಾಮನಗರದ ಮಾರುಕಟ್ಟೆಯ ಹರಾಜಿನಲ್ಲಿ ನಿಂತ ರೀಲರಿಗೂ ಮಾಗಡಿಯ ಬಿತ್ತನೆ ಬೆಳೆಗಾರರಿಗೂ ಇರುವ ಸಂಬಂಧ ಶತಮಾನದಷ್ಟು ಹಳೆಯದು.

ವ್ಯಾಪಾರಿಗಳಿಗೆ ಇನ್ನೂ ಮುಖ್ಯವಾದ ಗ್ರಂಥ ಬೇರೊಂದಿದೆ. ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆಯಿಂದ ಮಾರುಕಟ್ಟೆ ಕುಸಿದಾಗ ಭಾರತೀಯ ಸುಂಕ ಮಂಡಲಿಯು ವಿಚಾರಣೆ ನಡೆಸಿ 1933ರಲ್ಲಿ ವರದಿ ನೀಡಿತು. 1934ರಲ್ಲಿ ರಕ್ಷಣಾ ಸುಂಕ ಬಂದಿತು. ಸುಂಕ ಮಂಡಲಿಯ ಮುಂದೆ ವಾದವನ್ನು ತೂಗುವುದು ಉತ್ಪಾದನಾ ವೆಚ್ಚದ ಲೆಕ್ಕದಿಂದ. ಹಿಪ್ಪುನೇರಳೆ ಸೊಪ್ಪಿನಿಂದ ನೂಲಿನವರೆಗೆ ಪ್ರತಿ ಹಂತದ ಖರ್ಚನ್ನು ತೋರಿಸದೆ ರಕ್ಷಣೆ ಸಿಗುವುದಿಲ್ಲ. ಎಪ್ಪತ್ತು ವರ್ಷಗಳ ನಂತರ, ಅದೇ ಚೀನಾದ ಕಚ್ಚಾ ರೇಷ್ಮೆಯ ಮೇಲೆ ಸುರಿವು ನಿರೋಧಕ ಸುಂಕ ಬೇಕೆಂಬ ಹೋರಾಟ ನಡೆದು 2003ರಲ್ಲಿ ಸುಂಕ ವಿಧಿಸಲ್ಪಟ್ಟಿತು. ಆಗಲೂ ಕೇಳಿದ್ದು ವೆಚ್ಚದ ಲೆಕ್ಕವನ್ನೇ. ಮುಂದೆ ಇಂತಹ ವಿಚಾರಣೆ ಬಂದಾಗ ಮನವಿಪತ್ರ ಸಿದ್ಧಪಡಿಸುವವರು 1933ರ ವರದಿಯನ್ನು ಮಾದರಿಯಾಗಿ ಮುಂದಿಟ್ಟುಕೊಳ್ಳಬಹುದು. ನಮ್ಮ ಮನವಿಗಳಲ್ಲಿ ಗೋಳು ಹೆಚ್ಚು, ಅಂಕಿ ಕಡಿಮೆ ಎಂಬ ದೂರು ಸುಳ್ಳಲ್ಲ.

ಕಲ್ಲಿನ ಉದ್ಯಮಿಗಳಿಗೆ ಒಂದು ಮಾತು

ರಾಮನಗರದ ಬೆಟ್ಟಗಳ ಕಲ್ಲನ್ನು ಜಗತ್ತಿನ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಬದಲಾಗಲಿಲ್ಲ. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಪ್ರಕಟಿಸಿದ ಕೃತಿಯ ಮೂಲಕ ಈ ಹೆಸರು ಪ್ರಚಾರಕ್ಕೆ ಬಂತು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆ ದಕ್ಷಿಣೋತ್ತರವಾಗಿ ನೂರಾರು ಕಿಲೋಮೀಟರ್ ಹಬ್ಬಿದೆ. ಕನಕಪುರ ತಾಲ್ಲೂಕಿನ ಕಬ್ಬಾಳದ ಕಲ್ಲುಗಣಿಯಂತೂ ವಿಜ್ಞಾನಿಗಳಿಗೆ ಯಾತ್ರಾಸ್ಥಳ. ಒಂದು ಬಗೆಯ ಶಿಲೆ ಇನ್ನೊಂದಾಗಿ ಮಾರ್ಪಡುವುದನ್ನು ಅಲ್ಲಿ ಕಣ್ಣಾರೆ ನೋಡಬಹುದೆಂದು ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಹಳೆಯ ಇಲಾಖೆಯ ವರದಿಗಳ ಸಂಪುಟಗಳನ್ನು ಓದಿದವರಿಗೆ ಯಾವ ಪಟ್ಟಿಯಲ್ಲಿ ಯಾವ ಕಲ್ಲು ಎಂಬ ಕಲ್ಪನೆ ಬರುತ್ತದೆ. ಗಣಿಗೆ ಹಣ ಹೂಡುವವರು ಮೊದಲು ಇದನ್ನು ಓದುವುದು ಕ್ಷೇಮ.

ಹಬ್ಬದ ದಿನಗಳ ಚರಿತ್ರೆ

ಹಬ್ಬದ ಇತಿಹಾಸ ವ್ಯಾಪಾರಿಗೇಕೆ ಎಂದು ಕೇಳಬಹುದು. ದಸರಾ ಗೊಂಬೆ ಹಬ್ಬ, ಆಯುಧಪೂಜೆ, ವರಮಹಾಲಕ್ಷ್ಮೀ ವ್ರತಗಳೇ ನಮ್ಮ ಗೊಂಬೆ ಮತ್ತು ರೇಷ್ಮೆ ವ್ಯಾಪಾರದ ಕಾಲಮಾನವನ್ನು ನಿರ್ಧರಿಸುತ್ತವೆ. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನವನ್ನು ಹತ್ತನೆಯ ಚಾಮರಾಜ ಒಡೆಯರು 1880ರಲ್ಲಿ ಆರಂಭಿಸಿದರು. ನಾಡಿನ ಕಸುಬುಗಳಿಗೆ ಹಬ್ಬವೇ ಮಾರುಕಟ್ಟೆಯಾಗಲಿ ಎಂಬುದು ಅದರ ಹಿಂದಿನ ದೃಷ್ಟಿ.

ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳಿದ್ದು, ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಮೂರು ವರ್ಷಕ್ಕೊಮ್ಮೆ ಎಂಬಂತೆ ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತವೆ. ವಿಜಯದಶಮಿಯು 2022ರಲ್ಲಿ ಅಕ್ಟೋಬರ್ 5ರಂದು, ಅಧಿಕ ಶ್ರಾವಣ ಬಂದ 2023ರಲ್ಲಿ ಅಕ್ಟೋಬರ್ 24ರಂದು, 2024ರಲ್ಲಿ ಅಕ್ಟೋಬರ್ 12ರಂದು, 2025ರಲ್ಲಿ ಅಕ್ಟೋಬರ್ 2ರಂದು ಬಂದಿತು. 2023ರಲ್ಲಿ ವರಮಹಾಲಕ್ಷ್ಮೀ ವ್ರತವೂ ಆಗಸ್ಟ್ 25ರವರೆಗೆ ಮುಂದೆ ಹೋಯಿತು. ಮರ ಒಣಗಲು ತಿಂಗಳುಗಳೇ ಬೇಕಾದ ಕಸುಬಿನಲ್ಲಿ ಮೂರು ವಾರದ ಅಂತರ ಸಣ್ಣದಲ್ಲ. ಮರದ ಖರೀದಿ, ಬ್ಯಾಂಕಿನ ಸಾಲ, ಸಾಗಣೆ ಎಲ್ಲವೂ ಅದರ ಮೇಲೆ ನಿಂತಿವೆ. ಹಿಂದಿನ ಇಪ್ಪತ್ತು ವರ್ಷಗಳ ಪಂಚಾಂಗದ ದಿನಾಂಕಗಳನ್ನು ತಮ್ಮ ಮಾರಾಟದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ, ಮಂದ ವರ್ಷವೆಂದು ಬಗೆದದ್ದು ಎಷ್ಟೋ ಸಲ ಹಬ್ಬ ಬೇರೆ ತ್ರೈಮಾಸಿಕಕ್ಕೆ ಬಿದ್ದ ವರ್ಷವಾಗಿರುತ್ತದೆ. ಸೆಪ್ಟೆಂಬರ್ ಕೊನೆಗೆ ಅರ್ಧವಾರ್ಷಿಕ ಲೆಕ್ಕ ಮುಗಿಸುವವರಿಗೆ ಈ ಗೊಂದಲ ಹೆಚ್ಚು.

ಸರ್ಕಾರಿ ರಜೆಯ ಪಟ್ಟಿಗೂ ಕಾನೂನಿನ ಮಹತ್ವವಿದೆ. 1881ರ ಹಸ್ತಾಂತರೀಯ ಪತ್ರಗಳ ಅಧಿನಿಯಮದ 25ನೆಯ ಕಲಮಿನಂತೆ ಪ್ರಾಮಿಸರಿ ನೋಟು ಅಥವಾ ಹುಂಡಿಯ ವಾಯಿದೆ ಸಾರ್ವಜನಿಕ ರಜಾದಿನದಂದು ತೀರಿದರೆ, ಅದರ ಹಿಂದಿನ ಕೆಲಸದ ದಿನವೇ ವಾಯಿದೆಯ ದಿನವೆನಿಸುತ್ತದೆ. ಹಳೆಯ ವ್ಯಾಜ್ಯದಲ್ಲಿ ಆ ದಿನ ರಜೆಯಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಆ ವರ್ಷದ ರಾಜ್ಯಪತ್ರ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಗುವವರೆಗಿನದಕ್ಕೆ ಮೈಸೂರು ಗೆಜೆಟ್ ಎಂದೂ ಅನಂತರದ್ದಕ್ಕೆ ಕರ್ನಾಟಕ ರಾಜ್ಯಪತ್ರವೆಂದೂ ಕೇಳಬೇಕು.

ಎಲ್ಲಿ, ಹೇಗೆ

ಬೆಂಗಳೂರಿನ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಆರಂಭಿಸುವುದು ಸೂಕ್ತ. ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಸಂಗ್ರಹವು ಹಳೆಯ ಮೈಸೂರಿನ ವಿಷಯಕ್ಕೆ ಪ್ರಸಿದ್ಧವಾದುದು. ಸರ್ಕಾರಿ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸಬೇಕು. ಕನ್ನಡದಲ್ಲಿ ವಿಜ್ಞಾನವನ್ನು ತಿಳಿಸಲು 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಹೊರತಂದ ‘ವಿಜ್ಞಾನ’ ಮಾಸಪತ್ರಿಕೆಯ ಸಂಚಿಕೆಗಳು ಸಿಕ್ಕರೆ ಬಿಡಬಾರದು. ಅದು ಎರಡು ವರ್ಷವಷ್ಟೇ ನಡೆಯಿತು. ಬುಕನನ್ ಹಾಗೂ ರೈಸ್ ಅವರ ಗ್ರಂಥಗಳು, 1908ರ ಗೆಜೆಟಿಯರು ಅಂತರ್ಜಾಲದ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಉಚಿತವಾಗಿ ದೊರೆಯುವುದರಿಂದ ಅವುಗಳಿಗಾಗಿ ಬೆಂಗಳೂರಿಗೆ ಹೋಗುವ ಅಗತ್ಯವೂ ಇಲ್ಲ.

ಪುಸ್ತಕ ನೋಡುವಾಗ ಸಂಪುಟ, ಮುದ್ರಣದ ವರ್ಷ, ಪುಟಸಂಖ್ಯೆ ಇವು ಮೂರನ್ನೂ ಬರೆದುಕೊಂಡು ಶೀರ್ಷಿಕೆ ಪುಟದ ಪ್ರತಿಯನ್ನೂ ಪಡೆಯಬೇಕು. ಇವಿಲ್ಲದ ಉಲ್ಲೇಖವನ್ನು ಯಾವ ಕಚೇರಿಯೂ ಸ್ವೀಕರಿಸದು. ಸದಸ್ಯರ ಮನೆಗಳ ಅಟ್ಟದಲ್ಲಿ ತಾತನ ಕಾಲದ ಖಾತೆ ಪುಸ್ತಕ, ಬೆಲೆಪಟ್ಟಿ, ಮಾಲಿನ ಚೀಟಿ, ವಸ್ತುಪ್ರದರ್ಶನದ ಪ್ರಶಸ್ತಿಪತ್ರಗಳಿದ್ದರೆ ಹಳೆಯ ಕಾಗದದವರಿಗೆ ತೂಕಕ್ಕೆ ಹಾಕುವ ಮೊದಲು ಒಂದು ಪ್ರತಿ ತೆಗೆಸಿ, ಮೂಲವನ್ನು ಯಾವುದಾದರೂ ಗ್ರಂಥಾಲಯಕ್ಕೆ ಅಥವಾ ಪತ್ರಾಗಾರಕ್ಕೆ ಸ್ವೀಕೃತಿ ಪತ್ರ ಪಡೆದು ಒಪ್ಪಿಸಬಹುದು.